ಗೋವೈದ್ಯ ಪರಂಪರೆಯೂ ಈದ ಆಕಳ ಮರುಗರ್ಭವೂ : ಆಳಂದ, ಅಫಜಲಪುರ, ಜೇವರ್ಗಿ ಸೀಮೆಯನ್ನು ಕುರಿತು

ಕನ್ನಡದ ವೈದ್ಯವಾಙ್ಮಯಕ್ಕೆ ಜೈನ ಗ್ರಂಥಕಾರರು ಸಲ್ಲಿಸಿದ ಸೇವೆ ವಿದ್ವಜ್ಜನರಿಗೆ ಹೊಸದಾಗಿ ಹೇಳಬೇಕಾದುದಲ್ಲ. ದೃಷ್ಟಿವಾದಾಂಗಕ್ಕೆ ಸೇರಿದ ಪ್ರಾಣಾವಾಯ ಪೂರ್ವದಿಂದ ತಮ್ಮ ಶಾಸ್ತ್ರ ಇಳಿದುಬಂದಿತೆಂದು ಹೇಳಿಕೊಳ್ಳುವ ಈ ಪರಂಪರೆಯಲ್ಲಿ ಉಗ್ರಾದಿತ್ಯಾಚಾರ್ಯನ ಸಂಸ್ಕೃತ ಕಲ್ಯಾಣಕಾರಕ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣ, ಶ್ರೀಧರದೇವನ ವೈದ್ಯಾಮೃತ ಇವು ಮನುಷ್ಯರ ವ್ಯಾಧಿಗಳನ್ನೂ ವಿಷಗಳನ್ನೂ ಕುರಿತವು. ತಿರ್ಯಗ್ಜೀವಿಗಳ ಚಿಕಿತ್ಸೆಗೆಂದೇ ಹುಟ್ಟಿದ ಗ್ರಂಥಗಳು ಬೆರಳೆಣಿಕೆಯವು. ಕುದುರೆಗೆ ಅಭಿನವಚಂದ್ರನ ಅಶ್ವವೈದ್ಯ. ಗೋವಿಗೆ ಕೀರ್ತಿವರ್ಮನ ಗೋವೈದ್ಯ. ಎರಡರ ಕರ್ತೃಗಳೂ ಜೈನರೇ ಎಂಬುದು ಆಕಸ್ಮಿಕವಲ್ಲವೆಂದು ನನ್ನ ಭಾವನೆ.

ಕೀರ್ತಿವರ್ಮನು ಕಲ್ಯಾಣ ಚಾಲುಕ್ಯರ ರಾಜಕುಮಾರ. ತ್ರೈಲೋಕ್ಯಮಲ್ಲನ ಮಗ, ಆರನೆಯ ವಿಕ್ರಮಾದಿತ್ಯನ ಸೋದರ. ದೇವಚಂದ್ರ ಮುನಿಯ ಶಿಷ್ಯ. ಸಾಹಿತ್ಯಚರಿತ್ರೆಗಳು ಅವನ ಕಾಲವನ್ನು ಸುಮಾರು 1125 ಎಂದು ಕೊಡುತ್ತವೆ. ತ್ರೈಲೋಕ್ಯಮಲ್ಲ ಆಹವಮಲ್ಲ ಸೋಮೇಶ್ವರನು ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ದೇಹತ್ಯಾಗ ಮಾಡಿದುದು 1068ರಲ್ಲಿ. ಹಾಗಿದ್ದರೆ 1125ರಲ್ಲಿ ಈ ಮಗನಿಗೆ ಅರುವತ್ತರ ಆಸುಪಾಸಿಗೆ ಕಡಿಮೆಯಿಲ್ಲದ ವಯಸ್ಸಾಗಿರಬೇಕು. ಆದುದರಿಂದ ಗೋವೈದ್ಯವನ್ನು ಒಂದೆರಡು ದಶಕ ಹಿಂದಕ್ಕೆ ಸರಿಸಿದರೂ ಬಾಧಕವಿಲ್ಲ, ಇಲ್ಲವೇ ಅದು ಪಕ್ವವಯಸ್ಸಿನ ಕೃತಿಯೆಂದು ಒಪ್ಪಬೇಕು. ಔಷಧಿಯೊಂದಿಗೆ ಮಂತ್ರವನ್ನೂ ಬೆರೆಸಿ ಹೇಳುವ ಗ್ರಂಥವಿದು. ಅದೇ ಮನೆತನದ ಜಯಸಿಂಹನ ಆಶ್ರಯದಲ್ಲಿ 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದದ ಜೊತೆಗೆ ಪಶುಚಿಕಿತ್ಸೆಗೆ ಎಡೆಯುಂಟು. ಈ ಚಾವುಂಡರಾಯನು ಗೊಮ್ಮಟನನ್ನು ಕಡೆಯಿಸಿದವನಲ್ಲವೆಂಬುದನ್ನು ಇಲ್ಲಿ ಜ್ಞಾಪಿಸಿದರೆ ಸಾಕು. ಎಂದರೆ ಒಂದೇ ಶತಮಾನದೊಳಗೆ, ಒಂದೇ ರಾಜಸಭೆಯ ಆವರಣದಲ್ಲಿ, ದನದ ಆರೋಗ್ಯ ಎರಡು ಬಾರಿ ಗ್ರಂಥವಿಷಯವಾಯಿತು.

ಪ್ರಕೃತ ಲೇಖನದ ಉದ್ದೇಶ ಗೋವೈದ್ಯದ ಪಾಠನಿರ್ಣಯವಲ್ಲ. ಭಂಡಾರಗಳಲ್ಲಿ ಧವಳಾದಿ ಸಿದ್ಧಾಂತಗ್ರಂಥಗಳಿಗೆ ದೊರೆತ ಶ್ರದ್ಧೆಯ ನೂರರಲ್ಲೊಂದು ಪಾಲೂ ಪಶುವೈದ್ಯದ ಬಿಡಿ ಓಲೆಗಳಿಗೆ ದೊರೆತಿಲ್ಲ. ದೊರೆತಾಗಲೂ ಅವನ್ನು ಓದುವ ನಮಗೆ ಆಕಳ ಪರಿಚಯ ಸಾಲದು. ಈದ ಆಕಳು ಮತ್ತೆ ಗಬ್ಬವಾಗುವ ಬಗೆಯನ್ನು, ಆಗದೆ ಉಳಿಯುವ ಕಾರಣವನ್ನು ಇಂದಿನ ಶಾಸ್ತ್ರ ಹೇಗೆ ವಿವರಿಸುತ್ತದೆಂಬುದನ್ನು ತಿಳಿದರೆ ಅಂಥ ಓಲೆಗಳ ಅರ್ಥ ತೆರೆದೀತು. ಅದಕ್ಕಿಂತ ಮಿಗಿಲಾಗಿ, ಶ್ರಾವಕನ ಕೊಟ್ಟಿಗೆಯಲ್ಲಿ ಅರಿವಿಲ್ಲದೆ ನಡೆಯುತ್ತಿರುವ ಒಂದು ಅತಿಚಾರ ಗೋಚರವಾದೀತು.

ವಿವೇಚನೆಗೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನು ಆರಿಸಿಕೊಳ್ಳಲು ಕಾರಣವಿದೆ. ಶಾಸನಗಳ ಅಳಂದೆ ಸಾಸಿರ ನಾಡು ಇದೇ ಆಳಂದ. ಕೀರ್ತಿವರ್ಮನ ಕಲ್ಯಾಣದಿಂದ ಬಂಡಿಯಲ್ಲಿ ಎರಡು ದಿನದ ದಾರಿ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆಯ ಬಲದಂಡೆಗೆ ಜೇವರ್ಗಿ. ಅದೇ ಜಿಲ್ಲೆಯಲ್ಲಿ, ಕಾಗಿಣಾ ದಂಡೆಯ ಮಳಖೇಡದಲ್ಲಿ, ನೃಪತುಂಗನ ಸಭೆಯೆದುರು ಉಗ್ರಾದಿತ್ಯನು ಮಾಂಸಭಕ್ಷಣ ಹಿತವಲ್ಲವೆಂದು ವಾದಿಸಿದನೆಂಬುದು ಪ್ರಸಿದ್ಧವೇ ಆಗಿದೆ. ಎರೆಭೂಮಿ, ಮಳೆಯಾಶ್ರಯ, ಹಿಂಗಾರಿ ಜೋಳ, ತೊಗರಿ, ಕುಸುಬೆ. ನದಿದಂಡೆಯಲ್ಲಿ ಈಚಿನ ದಶಕಗಳ ಕಬ್ಬು. ದನಗಳಲ್ಲಿ ದೇವಣಿ ತಳಿಯವು, ಮಿಶ್ರತಳಿಯವು, ಅಲ್ಲದೆ ಎಮ್ಮೆಗಳು. ದೇವಣಿಯು ಮರಾಠವಾಡದ ಲಾತೂರು, ನಮ್ಮ ಬೀದರ ಮತ್ತು ಕಲಬುರಗಿ ಸೀಮೆಯ ತಳಿ. ಬಣ್ಣವನ್ನನುಸರಿಸಿ ವಾನ್ನೇರ, ಬಾಲಂಕ್ಯ, ಶೇವರ ಎಂಬ ಮೂರು ಪ್ರಭೇದ. ಗೀರ್ ರಕ್ತದ ಗುರುತು ಅದರ ಹಣೆಯಲ್ಲೂ ಕಿವಿಯಲ್ಲೂ ಕಾಣುತ್ತದೆ.

ಮೊದಲು ಕೆಲವು ಶಬ್ದಗಳನ್ನು ನೋಡಬೇಕು. ಗ್ರಂಥಸಂಪಾದಕನು ಎಡವುವುದು ಇಲ್ಲಿಯೇ. ಹಳಗನ್ನಡದ ಈನ್ ಧಾತು ಪಶುಗಳ ಪ್ರಸವಕ್ಕೆ ಮೀಸಲು. ಅದರ ಭೂತಕೃದಂತ ಈಂದ, ಇಂದಿನ ಈದ. ಬಿಂದು ಮಾಸಿದ ಓಲೆಯಲ್ಲಿ ಇದನ್ನು ಇತ್ತ, ಈವ ಎಂಬ ದಾನಾರ್ಥಕ ಈ ಧಾತುವಿನೊಡನೆ ಬೆರೆಸಿ ಓದುವ ಅಪಾಯ ಸದಾ ಉಂಟು. ಗಬ್ಬವು ಗರ್ಭದ ತದ್ಭವವೆಂಬುದು ಸ್ಪಷ್ಟ. ಗೊಡ್ಡು ಎಂಬ ಮಾತು ತೊಡಕಿನದು: ಹಾಲು ಬತ್ತಿದ ಆಕಳನ್ನೂ ಬಂಜೆಯಾದ ಆಕಳನ್ನೂ ಈ ಒಂದೇ ಮಾತಿನಿಂದ ಕರೆಯುವುದುಂಟು. ಮೊದಲನೆಯದು ಅವಸ್ಥೆ, ಎರಡನೆಯದು ದೋಷ. ಒಂದಕ್ಕೆ ಹೇಳಿದ ಔಷಧವನ್ನು ಇನ್ನೊಂದಕ್ಕೆ ಅನ್ವಯಿಸಿ ಅರ್ಥ ಬರೆದರೆ ಇಡೀ ಪ್ರಕರಣ ಕೆಡುತ್ತದೆ. ಭಾಷೆಯಲ್ಲಿ ಒಂದಾದ ಈ ಎರಡು ಕೊಟ್ಟಿಗೆಯಲ್ಲಿಯೂ ಒಂದಾಗುವುದನ್ನು, ಬತ್ತಿದ ಆಕಳೇ ಬಂಜೆಯಾಗುವುದನ್ನು, ಮುಂದೆ ಕಾಣುವೆವು.

ಎಲ್ಲಕ್ಕಿಂತ ಅರ್ಥವತ್ತಾದುದು ಬೆದೆ ಎಂಬ ಶಬ್ದ. ಪಶುವಿನ ಕಾಮಕಾಲಕ್ಕೆ ಬೆದೆ ಎನ್ನುತ್ತೇವೆ. ಬಿತ್ತನೆಗೆ ಒದಗಿದ ನೆಲದ ಹಸಿಗೂ ಬೆದೆಯೆಂದೇ ಹೆಸರು. ಹದಬೆದೆ ನೋಡಿ ಬಿತ್ತು ಎಂಬುದು ರೈತನ ನಿತ್ಯದ ನುಡಿ. ಎರೆಹೊಲದಲ್ಲಿ ಹಸಿ ಆರಿದ ಮೇಲೆ ಬಿತ್ತಿದರೆ ಬೀಜ ಮೊಳೆಯದು. ಹಸಿಯಿದ್ದೂ ನೆಲದಲ್ಲಿ ಸಾರವಿಲ್ಲದಿದ್ದರೆ ಮೊಳೆತದ್ದು ನಿಲ್ಲದು. ಈದ ಆಕಳ ಸಮಸ್ಯೆಯೂ ಈ ಎರಡೇ ಮಾತಿನಲ್ಲಿ ಅಡಗಿದೆ. ಹೊಲದ ಹದವನ್ನು ಬೆರಳಿನಿಂದ ಹಿಸುಕಿ ನೋಡಬಲ್ಲ ಒಕ್ಕಲಿಗನೇ ಆಕಳ ಹದವನ್ನು ದೈವಕ್ಕೆ ಬಿಡುವುದು ಆಶ್ಚರ್ಯಕರ.

ಇನ್ನು ಗಣಿತ. ಆಕಳ ಗರ್ಭಕಾಲ ಸುಮಾರು 280ರಿಂದ 285 ದಿನ. ವರ್ಷಕ್ಕೊಂದು ಕರು ಬೇಕೆಂದರೆ 365 ದಿನಗಳಲ್ಲಿ ಇದನ್ನು ಕಳೆದಾಗ ಉಳಿಯುವುದು 80ರಿಂದ 85 ದಿನ. ಈದ ಮೇಲೆ ಹಿಗ್ಗಿದ ಗರ್ಭಾಶಯ ಕುಗ್ಗಿ ತನ್ನ ಮೊದಲಿನ ಗಾತ್ರಕ್ಕೆ ಬರಲು 40ರಿಂದ 45 ದಿನ ಬೇಕು. ಒಳಪದರ ಪೂರ್ತಿ ಮಾಗಿ ಹೊಸ ಗರ್ಭವನ್ನು ಹೊರಲು ಸಿದ್ಧವಾಗುವುದಕ್ಕೆ ಇನ್ನೂ ಕೆಲವು ದಿನ. ಆದುದರಿಂದ 60 ದಿನಕ್ಕೆ ಮುನ್ನ ಬೀಜ ಕೊಡಿಸಬಾರದೆಂಬುದು ವಾಡಿಕೆಯ ನಿಯಮ. ಬೆದೆಯ ಆವರ್ತ 21 ದಿನಕ್ಕೊಮ್ಮೆ. ಎಂದರೆ ಮೂರು ತಿಂಗಳ ಅವಧಿಯಲ್ಲಿ ಒಕ್ಕಲಿಗನ ಕೈಗೆ ನಿಜವಾಗಿ ಸಿಗುವುದು ಒಂದು ಬೆದೆ, ಹೆಚ್ಚೆಂದರೆ ಎರಡು. ಒಂದು ತಪ್ಪಿತೆಂದರೆ 21 ದಿನದ ಮೇವು ವ್ಯರ್ಥ. ಎಮ್ಮೆಯ ಗರ್ಭಕಾಲ 305ರಿಂದ 310 ದಿನವಾದುದರಿಂದ ಅದಕ್ಕೆ ವರ್ಷಕ್ಕೊಂದು ಕರುವಿನ ಲೆಕ್ಕ ಹೊಂದುವುದಿಲ್ಲ. ಹದಿನಾಲ್ಕು ಹದಿನೈದು ತಿಂಗಳಿಗೆ ಈದರೆ ಅದನ್ನು ಚೆನ್ನಾದುದೆನ್ನಬೇಕು.

ಈ ಲೆಕ್ಕ ನಮ್ಮ ಪಂಚಾಂಗಕ್ಕೆ ಅಚ್ಚುಕಟ್ಟಾಗಿ ಕೂಡಿಕೊಳ್ಳುತ್ತದೆ. ಚಾಂದ್ರಮಾನದ ಒಂದು ಪಕ್ಷ ಸರಾಸರಿ ಹದಿನಾಲ್ಕೂ ಮುಕ್ಕಾಲು ದಿನ. ಮೂರು ಪಕ್ಷ ಗರ್ಭಾಶಯ ಕುಗ್ಗಲು; ನಾಲ್ಕು ಪಕ್ಷ ಅದು ಮಾಗಲು; ಆರನೆಯ ಪಕ್ಷ ಮುಗಿಯುವುದರೊಳಗೆ ಗರ್ಭ ನಿಲ್ಲಬೇಕು. ಅಷ್ಟಮಿ ಚತುರ್ದಶಿಗಳನ್ನು ಪರ್ವದಿನಗಳೆಂದು ತಪ್ಪದೆ ಎಣಿಸುವ ಮನೆಗಳಿಗೆ ಈ ಎಣಿಕೆ ಭಾರವಾಗಲಾರದು.

ಹಾಗಾದರೆ ಆಕಳು ಬೆದೆಗೆ ಬಾರದಿರುವುದೇಕೆ? ಈ ಸೀಮೆಯಲ್ಲಿ ಈದು ಐದಾರು ತಿಂಗಳಾದರೂ ಬೆದೆಯ ಸುಳಿವಿಲ್ಲದ ಆಕಳುಗಳಿರುವುದು ವಿರಳವಲ್ಲ. ಸಾಮಾನ್ಯ ನಂಬಿಕೆ, ಗರ್ಭಕೋಶದಲ್ಲಿ ದೋಷವುಂಟೆಂಬುದು. ಬಹುಪಾಲು ಪ್ರಸಂಗಗಳಲ್ಲಿ ದೋಷ ಗರ್ಭಕೋಶದ್ದಲ್ಲ, ಗೋದಲಿಯದು.

ಈದ ಆಕಳ ಹಾಲು ನಾಲ್ಕರಿಂದ ಎಂಟು ವಾರದೊಳಗೆ ಶಿಖರಕ್ಕೇರುತ್ತದೆ. ಆದರೆ ಅದರ ಹಸಿವು ಪೂರ್ಣವಾಗುವುದು ಹತ್ತು ಹನ್ನೆರಡು ವಾರಗಳಿಗೆ. ಈ ನಡುವಣ ಕಾಲದಲ್ಲಿ ತಿಂದದ್ದಕ್ಕಿಂತ ಹೆಚ್ಚು ಹಾಲಾಗಿ ಹೋಗುತ್ತದೆ. ಕೊರತೆಯನ್ನು ಆಕಳು ತನ್ನ ಮೈಯ ಕೊಬ್ಬನ್ನು ಕರಗಿಸಿ ತುಂಬುತ್ತದೆ. ಮೆದುಳಿನ ತಳದಲ್ಲಿರುವ ಗ್ರಂಥಿಯಿಂದ ಅಂಡಾಶಯಕ್ಕೆ ಮಿಡಿತದಂತೆ ಹೊರಡಬೇಕಾದ ಹಾರ್ಮೋನು ಈ ಕ್ಷಾಮದ ಸೂಚನೆಯಿಂದ ಮಂದವಾಗುತ್ತದೆ. ಅಂಡಕೋಶ ಬೆಳೆಯುತ್ತದೆ, ಒಡೆಯುವುದಿಲ್ಲ. ಅಂಡ ಹೊರಬೀಳದು, ಬೆದೆ ತೋರದು. ಕ್ಷಾಮದಲ್ಲಿ ಇನ್ನೊಂದು ಜೀವವನ್ನು ಹೊರಬಾರದೆಂಬ ದೇಹದ ವಿವೇಕವಿದು, ರೋಗವಲ್ಲ.

ಮೈಯಲ್ಲಿ ಕರಗಿಸಲು ಕೊಬ್ಬಿರಬೇಕಾದರೆ ಈಯುವ ಮುನ್ನ ಅದನ್ನು ಕೂಡಿಸಿರಬೇಕು. ಪಶುವೈದ್ಯರು ಮೈಕಟ್ಟನ್ನು ಒಂದರಿಂದ ಐದರ ಅಂಕದಲ್ಲಿ ಅಳೆಯುತ್ತಾರೆ. ಒಂದು ಎಂದರೆ ಎಲುಬುಗೂಡು, ಐದು ಎಂದರೆ ಅತಿಕೊಬ್ಬು. ಈಯುವಾಗ ಮೂರು ಅಥವಾ ಮೂರೂವರೆ ಇರಬೇಕು. ಈದ ಮೇಲೆ ಅರ್ಧ ಅಂಕ ಇಳಿದರೆ ಚಿಂತೆಯಿಲ್ಲ, ಒಂದು ಅಂಕ ಇಳಿದರೆ ಗರ್ಭ ನಿಲ್ಲುವುದು ಕಷ್ಟ. ನಮ್ಮ ಸೀಮೆಯ ಎಷ್ಟೋ ಆಕಳುಗಳು ಈಯುವಾಗಲೇ ಎರಡರಲ್ಲಿರುತ್ತವೆ.

ಅದಕ್ಕೆ ಕಾರಣ ಒಂದೇ ಪದ್ಧತಿ. ಈಯುವುದಕ್ಕೆ ಎರಡು ತಿಂಗಳ ಮುನ್ನ ಹಾಲು ಬತ್ತಿಸುತ್ತಾರೆ, ಅದು ಸರಿಯೇ. ಆದರೆ ಹಾಲು ನಿಂತ ದಿನವೇ ಹಿಂಡಿಯೂ ನಿಲ್ಲುತ್ತದೆ. ಕೊಡದವಳಿಗೆ ಏಕೆ ಕೊಡಬೇಕೆಂಬ ವ್ಯವಹಾರನ್ಯಾಯ. ನನ್ನ ಬಾಲ್ಯದ ಮನೆಯಲ್ಲಿ ಗೊಡ್ಡಾದ ಆಕಳನ್ನು ಗೋದಲಿಯ ಕೊನೆಗೆ ಕಟ್ಟಿ, ಎತ್ತುಗಳು ತಿಂದು ಬಿಟ್ಟ ಜೋಳದ ಕಣಿಕೆಯ ದಂಟನ್ನು ಅದರ ಮುಂದೆ ಒಟ್ಟುತ್ತಿದ್ದರು. ಅದರಲ್ಲಿ ಯಾರಿಗೂ ಏನೂ ತಪ್ಪು ಕಾಣುತ್ತಿರಲಿಲ್ಲ. ಗರ್ಭಸ್ಥ ಕರುವಿನ ತೂಕದ ಹೆಚ್ಚಿನ ಭಾಗ ಬೆಳೆಯುವುದು ಆ ಕಡೆಯ ತಿಂಗಳುಗಳಲ್ಲಿಯೇ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ಹಿಡಿದಿಟ್ಟ ಹಿಂಡಿ ಈದ ಮೇಲೆ ಎರಡರಷ್ಟು ಹಾಕಿದರೂ ಮರಳಿ ಬಾರದು, ಏಕೆಂದರೆ ಆಗ ತಿನ್ನಲು ಆಕಳಿಗೆ ಹಸಿವಿಲ್ಲ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕಡೆಯದು ಅನ್ನಪಾನನಿರೋಧವೆಂಬುದನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಬಲ್ಲ ಯಾವ ಪಂಡಿತರಿಗೂ ನೆನಪಿಸಬೇಕಿಲ್ಲ. ಬಂಧ, ವಧ, ಅತಿಭಾರಾರೋಪಣಗಳನ್ನು ನಾವು ಎತ್ತಿನ ವಿಷಯದಲ್ಲಿ ಉದಾಹರಿಸುತ್ತೇವೆ. ಅನ್ನಪಾನನಿರೋಧಕ್ಕೆ ಉದಾಹರಣೆ ಕೊಡುವಾಗ ಹಸಿದ ಪಶುವನ್ನು ಬೇಕೆಂದೇ ಕಟ್ಟಿಹಾಕುವ ಕ್ರೂರನೊಬ್ಬನನ್ನು ಕಲ್ಪಿಸಿಕೊಳ್ಳುತ್ತೇವೆ. ಬತ್ತಿದ ಆಕಳಿಗೆ ಹಿಂಡಿ ನಿಲ್ಲಿಸುವ ಸದ್ಗೃಹಸ್ಥನು ಆ ಉದಾಹರಣೆಯೊಳಗೆ ಬರುವನೆ, ಪ್ರಮತ್ತಯೋಗ ಅಲ್ಲಿ ಎಷ್ಟರಮಟ್ಟಿಗೆ ಇದೆ ಎಂಬುದು ವಿಚಾರಾರ್ಹ. ನನ್ನ ಮತದಲ್ಲಿ, ತಿಳಿಯುವ ಮುನ್ನ ಅದು ಅಜ್ಞಾನ. ತಿಳಿದ ಮೇಲೆ ಅತಿಚಾರ.

ಪರಿಹಾರದ ಪ್ರಮಾಣ ಸರಳ. ಗರ್ಭದ ಕಡೆಯ ಎರಡು ತಿಂಗಳು ಒಣಮೇವಿನ ಜೊತೆಗೆ ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ ಹಿಂಡಿಮಿಶ್ರಣ. ಈದ ಮೇಲೆ ಮೈಪೋಷಣೆಗೆ ಒಂದೂವರೆ ಕಿಲೋ, ಅಲ್ಲದೆ ಆಕಳಾದರೆ ಪ್ರತಿ ಎರಡೂವರೆ ಕಿಲೋ ಹಾಲಿಗೆ ಒಂದು ಕಿಲೋ, ಎಮ್ಮೆಯಾದರೆ ಪ್ರತಿ ಎರಡು ಕಿಲೋ ಹಾಲಿಗೆ ಒಂದು ಕಿಲೋ. ಹೆಚ್ಚಿಸುವುದನ್ನು ಎರಡು ಮೂರು ವಾರಗಳಲ್ಲಿ ಮೆಲ್ಲನೆ ಮಾಡಬೇಕು. ಒಮ್ಮೆಲೆ ಸುರಿದರೆ ಹೊಟ್ಟೆ ಹುಳಿಯುತ್ತದೆ. ಕುಸುಬೆ ಹಿಂಡಿ, ತೊಗರಿಯ ನುಚ್ಚುಹೊಟ್ಟು, ಜೋಳದ ನುಚ್ಚು ಎಲ್ಲವೂ ಈ ಸೀಮೆಯಲ್ಲಿ ದೊರೆಯುವವೇ. ತೊಗರಿಯ ಕಣಜವೆನಿಸಿದ ಜಿಲ್ಲೆಯಲ್ಲಿ ಬೇಳೆ ಮಾಡಿದ ಮೇಲೆ ಉಳಿಯುವ ಹೊಟ್ಟು ಹೊರಗೆ ಹೋಗಿ, ಆಕಳು ದಂಟು ಕಡಿಯುವುದು ವಿಪರ್ಯಾಸವಲ್ಲವೆ?

ಹೊಟ್ಟೆ ತುಂಬಿದರೂ ಸಾಲದಿರುವ ಇನ್ನೊಂದು ಸಂಗತಿ ಖನಿಜಗಳದು. ಒಣ ಕಣಿಕೆಯಲ್ಲಿ ರಂಜಕ ಅತ್ಯಲ್ಪ. ರಂಜಕ, ತಾಮ್ರ, ಸತು ಕಡಿಮೆಯಾದ ಆಕಳು ಬೆದೆಯನ್ನು ಸ್ಪಷ್ಟವಾಗಿ ತೋರುವುದಿಲ್ಲ, ತೋರಿದರೂ ಗರ್ಭ ನಿಲ್ಲುವುದಿಲ್ಲ. ಮಣ್ಣು ನೆಕ್ಕುವ, ಚಪ್ಪಲಿ ಎಲುಬು ಕಡಿಯುವ ಆಕಳು ಈ ಕೊರತೆಯನ್ನೇ ಹೇಳುತ್ತಿರುತ್ತದೆ. ಅದಕ್ಕೆ ದೃಷ್ಟಿ ತೆಗೆಯುವವರನ್ನು ಕಂಡಿದ್ದೇನೆ. ಅಫಜಲಪುರದ ಭೀಮಾದಂಡೆಯಲ್ಲಿ ಕಬ್ಬಿನ ವಾಡೆಯೇ ಹಸಿಮೇವು. ಅದರಲ್ಲಿರುವ ಆಕ್ಸಲೇಟು ಸುಣ್ಣದ ಅಂಶವನ್ನು ಹಿಡಿದುಕೊಂಡು ಮೈಗೆ ಸೇರಗೊಡದು. ದಿನಕ್ಕೆ 50 ಗ್ರಾಂ ಖನಿಜಮಿಶ್ರಣ, ಒಂದು ಹಿಡಿ ಉಪ್ಪು, ಇಷ್ಟೇ ಬೇಕಾದುದು. ಯಾವ ಸೀಮೆಯ ಮೇವಿನಲ್ಲಿ ಯಾವ ಖನಿಜ ಕಡಿಮೆಯೋ ಅದನ್ನೇ ತುಂಬುವ ಮಿಶ್ರಣಗಳನ್ನು ಬೆಂಗಳೂರಿನ ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ರೂಪಿಸಿದ್ದಾರೆ. ಕಣಿಕೆಯನ್ನು ಕತ್ತರಿಸಿ ಹಾಕಿದರೆ ದಂಟು ವ್ಯರ್ಥವಾಗದು. ನೂರು ಕಿಲೋ ಒಣಮೇವಿಗೆ ನಾಲ್ಕು ಕಿಲೋ ಯೂರಿಯವನ್ನು ಸುಮಾರು ಐವತ್ತು ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಅದೇ ಮೇವು ಸಾರವತ್ತಾಗುತ್ತದೆ. ಅಳತೆ ತಪ್ಪಿದರೆ ಮಾತ್ರ ಅದು ವಿಷ. ಆದುದರಿಂದ ಮೊದಲ ಬಾರಿ ಬಲ್ಲವರ ಎದುರಿನಲ್ಲಿ ಮಾಡತಕ್ಕದ್ದು.

ಕರುವಿನ ವಿಷಯ ಸೂಕ್ಷ್ಮವಾದುದು. ಕರು ಮೊಲೆಯುಣ್ಣುವುದರಿಂದಲೇ ಬೆದೆ ಹಿಂದೆ ಬೀಳುತ್ತದೆಂಬುದು ಸಿದ್ಧವಾದ ಸಂಗತಿ. ಕರುವಿನ ಸ್ಪರ್ಶ, ವಾಸನೆ, ಚೀಪುವಿಕೆಗಳು ಮೇಲೆ ಹೇಳಿದ ಹಾರ್ಮೋನಿನ ಮಿಡಿತವನ್ನು ತಡೆಯುತ್ತವೆ. ದಿನವಿಡೀ ತಾಯಿಯೊಡನೆ ಬಿಟ್ಟರೆ ಈ ತಡೆ ಬಲವಾಗುತ್ತದೆ. ಇದನ್ನೇ ನೆಪಮಾಡಿ ಹುಟ್ಟಿದ ದಿನವೇ ಕರುವನ್ನು ಅಗಲಿಸುವ ಪದ್ಧತಿ ಪಶ್ಚಿಮದ ದೊಡ್ಡ ಹೈನುಮನೆಗಳಲ್ಲಿದೆ. ನಮ್ಮ ದೇವಣಿ ಆಕಳು ಕರುವಿಲ್ಲದೆ ಸೊರೆಬಿಡುವುದು ಕಷ್ಟ. ಅಲ್ಲದೆ ಕರುವಿನ ಪಾಲನ್ನು ಕಸಿಯುವುದು ಮತ್ತೊಂದು ಅನ್ನಪಾನನಿರೋಧ. ಒಂದು ಜೀವದ ಪುಷ್ಟಿಗಾಗಿ ಇನ್ನೊಂದರ ಬಾಯಿ ಕಟ್ಟಲಾಗದು. ಹುಟ್ಟಿದ ಗಂಟೆಯೊಳಗೆ ಗಿಣ್ಣು ಧಾರಾಳವಾಗಿ ಕುಡಿಸಿ, ಅನಂತರ ಹಗಲಿನಲ್ಲಿ ಬೇರೆ ಕಟ್ಟಿ, ಎರಡು ಹೊತ್ತು ಹಿಂಡುವಾಗ ನಿಯತವಾಗಿ ಉಣ್ಣಬಿಡುವುದು ಮಧ್ಯಮಮಾರ್ಗ. ಹೀಗೆ ಮಾಡಿದಲ್ಲಿ ಬೆದೆಯೂ ಬೇಗ ಬರುತ್ತದೆ, ಕರುವೂ ಉಳಿಯುತ್ತದೆ.

ಪ್ರಸವದ ಹೊತ್ತಿನ ಎರಡು ತಪ್ಪುಗಳನ್ನು ಹೇಳದೆ ಬಿಡಲಾಗದು. ಕಸ, ಎಂದರೆ ಹಳೆಯ ಮಾತಿನಲ್ಲಿ ಮಾಸು, ಈದ ಎಂಟು ಹನ್ನೆರಡು ಗಂಟೆಗಳಲ್ಲಿ ತಾನಾಗಿ ಬೀಳಬೇಕು. ಬೀಳದಿದ್ದರೆ ಅದಕ್ಕೆ ಕಲ್ಲು ಕಟ್ಟುವುದು, ಕೈಹಾಕಿ ಎಳೆಯುವುದು ರೂಢಿ. ಎಳೆದಾಗ ಗರ್ಭಾಶಯದ ಒಳಪದರ ಹರಿದು ತುಣುಕುಗಳು ಉಳಿದು ಕೀವಾಗುತ್ತದೆ. ಮುಂದಿನ ಬಂಜೆತನಕ್ಕೆ ಅಲ್ಲಿಯೇ ಬೀಜ ಬೀಳುತ್ತದೆ. ದಿನವೊಂದು ಕಳೆದರೂ ಬೀಳದಿದ್ದರೆ, ಜ್ವರವಿದ್ದರೆ, ಸ್ರಾವ ದುರ್ವಾಸನೆಯಾಗಿದ್ದರೆ ಪಶುವೈದ್ಯನೇ ಗತಿ. ಬಿದಿರೆಲೆ, ಬೆಲ್ಲ, ಅಜವಾನ, ಸಬ್ಬಸಿಗೆಗಳನ್ನು ಕೊಡುವ ಮನೆವೈದ್ಯವನ್ನು ನಾನು ಹೀಗಳೆಯುವುದಿಲ್ಲ. ಹೆತ್ತು ದಣಿದ ಜೀವಕ್ಕೆ ಬೆಲ್ಲ ಕೂಡಲೇ ಕಸುವು ಕೊಡುತ್ತದೆ. ಆದರೆ ಅದು ಕೀವನ್ನು ಗುಣಪಡಿಸದು.

ಎರಡನೆಯದು ಕಂದು ಹಾಕುವ ರೋಗ. ಗರ್ಭದ ಆರನೆಯ ತಿಂಗಳ ಮೇಲೆ ಕಂದು ಬಿದ್ದಲ್ಲಿ ಬ್ರುಸೆಲ್ಲ ಎಂಬ ಸೂಕ್ಷ್ಮಜೀವಿಯ ಶಂಕೆ ಮಾಡಬೇಕು. ಬಿದ್ದ ಕಂದು, ಕಸ, ಸ್ರಾವಗಳಲ್ಲಿ ಅದು ತುಂಬಿರುತ್ತದೆ; ಬರಿಗೈಯಿಂದ ಮುಟ್ಟಿದವನಿಗೂ, ಕಾಯಿಸದ ಹಾಲು ಕುಡಿದವನಿಗೂ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ಅಂಟುತ್ತದೆ. 2019ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ರೋಗನಿಯಂತ್ರಣ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಲಸಿಕೆ ಹಾಕುವ ಏರ್ಪಾಡಾಯಿತು. ಕಸವನ್ನು ಹೊಳೆಗೋ ತಿಪ್ಪೆಗೋ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳುವುದು ಯೋಗ್ಯ.

ಪೋಷಣೆ ಸರಿಯಾಗಿ, ಗರ್ಭಾಶಯ ಮಾಗಿ, ಬೆದೆ ಬಂದಿತೆಂದಿಟ್ಟುಕೊಳ್ಳೋಣ. ಅದನ್ನು ಕಾಣುವುದು ಇನ್ನೊಂದು ವಿದ್ಯೆ. ಬೆದೆ ಇರುವುದು 12ರಿಂದ 18 ಗಂಟೆ. ಇನ್ನೊಂದು ದನ ಮೇಲೇರಿದಾಗ ಅಲುಗದೆ ನಿಲ್ಲುವುದೇ ನಿಶ್ಚಿತ ಲಕ್ಷಣ. ಆದರೆ ಒಂದೇ ಆಕಳಿರುವ, ಅದೂ ಸದಾ ಕಟ್ಟಿದಲ್ಲೇ ಇರುವ ಮನೆಯಲ್ಲಿ ಮೇಲೇರುವವರಾರು? ಅಲ್ಲಿ ಕೂಗು, ಚಡಪಡಿಕೆ, ಮೇವು ಬಿಡುವಿಕೆ, ಹಾಲಿನ ಇಳಿತ, ಎಳೆಯೆಳೆಯಾಗಿ ಜೋಲುವ ತಿಳಿಯಾದ ಲೋಳೆ, ಇವುಗಳಿಂದ ಊಹಿಸಬೇಕು. ನಸುಕಿನಲ್ಲಿ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ನೋಡದವನಿಗೆ ಅರ್ಧದಷ್ಟು ಬೆದೆಗಳು ತಪ್ಪಿಹೋಗುತ್ತವೆ. ಎಮ್ಮೆಯ ಬೆದೆಯಂತೂ ಮೂಕ. ಬೇಸಗೆಯಲ್ಲಿ ಉಷ್ಣ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಅದು ಇನ್ನೂ ಅಡಗುತ್ತದೆ. ನೆರಳು, ಮೈಮೇಲೆ ನೀರು, ಬೇಕಾದಷ್ಟು ಕುಡಿಯುವ ನೀರು ಇವು ಆಗ ಔಷಧಕ್ಕೆ ಸಮಾನ.

ಬೆದೆ ಕಳೆದ ಒಂದೆರಡು ದಿನಗಳ ಮೇಲೆ ಕೆಲವು ಆಕಳುಗಳಿಗೆ ತುಸು ರಕ್ತಸ್ರಾವವಾಗುತ್ತದೆ. ಅದನ್ನು ಕಂಡು ಗರ್ಭ ಬಿದ್ದಿತೆಂದು ಅಳುವವರುಂಟು, ಈಗ ಬೆದೆ ಬಂದಿತೆಂದು ಹೋರಿಯ ಬಳಿಗೆ ಹೊಡೆದೊಯ್ಯುವವರೂ ಉಂಟು. ಎರಡೂ ತಪ್ಪು, ಬೆದೆ ಬಂದು ಹೋಗಿದೆಯೆಂಬುದಕ್ಕೆ ಅದು ಸಾಕ್ಷಿ, ಅಂದಿನಿಂದ 18 ಅಥವಾ 19ನೆಯ ದಿನ ಮುಂದಿನ ಬೆದೆಯನ್ನು ಕಾಯಬೇಕು. ಹಳೆಯ ಓಲೆಗಳಲ್ಲಿ ಆಕಳ ರಕ್ತಸ್ರಾವಕ್ಕೆ ಚಿಕಿತ್ಸೆ ಕಂಡರೆ ಸಂಪಾದಕರು ಅದು ಯಾವ ಸ್ರಾವವೆಂದು ಸಂದರ್ಭ ನೋಡಿ ನಿರ್ಣಯಿಸಬೇಕು. ರಕ್ತವೆಂದಲ್ಲೆಲ್ಲ ಗರ್ಭಪಾತವೆಂದು ಟಿಪ್ಪಣಿ ಬರೆಯಬಾರದು.

ಅಂಡ ಬಿಡುಗಡೆಯಾಗುವುದು ಬೆದೆ ಮುಗಿದು 10ರಿಂದ 12 ಗಂಟೆಯ ಮೇಲೆ. ಆದುದರಿಂದ ಮುಂಜಾನೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಬೀಜ ಕೊಡಿಸಬೇಕೆಂಬ ನಿಯಮ. ಕೃತಕ ಗರ್ಭಧಾರಣೆ ಪರದೇಶದ ವಿದ್ಯೆಯೆಂದು ಭಾವಿಸುವವರಿಗೆ ಒಂದು ಮಾತು: ಭಾರತದಲ್ಲಿ ಅದು ಮೊದಲು ನಡೆದುದು 1939ರಲ್ಲಿ, ಮೈಸೂರಿನ ಅರಮನೆಯ ಹೈನುಶಾಲೆಯಲ್ಲಿ, ಮಾಡಿದವರು ಸಂಪತ್ಕುಮಾರನ್. ಹಳ್ಳಿಕಾರ್ ಆಕಳುಗಳಿಗೆ ಹೋಲ್‌ಸ್ಟೈನ್ ಹೋರಿಯ ಬೀಜ ಕೊಟ್ಟರು. ಇಂದು ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿಟ್ಟ ಬೀಜ ಹಳ್ಳಿಹಳ್ಳಿಗೂ ತಲಪುತ್ತದೆ. ದೇವಣಿಯ ಬೀಜವೂ ದೊರೆಯುತ್ತದೆ. ಎಂಟು ಹತ್ತು ದಿನ ಹಾರ್ಮೋನು ಸೂಜಿಗಳನ್ನು ಕ್ರಮದಲ್ಲಿ ಕೊಟ್ಟು ಬೆದೆಯನ್ನು ತರಿಸುವ ವಿಧಾನವೂ ಬಂದಿದೆ. ಮೈಯಲ್ಲಿ ಕಸುವಿರುವ ಆಕಳಿಗೆ ಅದು ಫಲಕಾರಿ, ಎಲುಬುಗೂಡಿಗೆ ಸೂಜಿ ಚುಚ್ಚುವುದು ವ್ಯರ್ಥ. ಮೂರು ಬಾರಿ ಬೀಜ ಕೊಟ್ಟರೂ ನಿಲ್ಲದ ಆಕಳನ್ನು ಮಾತ್ರ ಒಳಪರೀಕ್ಷೆಗೆ ಒಪ್ಪಿಸಬೇಕು.

ಗೋವೈದ್ಯದ ಮಂತ್ರಭಾಗದ ಬಗ್ಗೆ ಇಂದಿನ ಓದುಗರು ಮುಜುಗರಪಡುವುದುಂಟು. ಮಂತ್ರದಿಂದ ಅಂಡ ಒಡೆಯದೆಂಬುದು ನಿಸ್ಸಂಶಯ. ಆದರೆ ಇಂತಿಷ್ಟು ದಿನ ಆಕಳನ್ನು ನೇಮದಿಂದ ನೋಡಿಕೊಳ್ಳಬೇಕೆಂಬ ವಿಧಿ ಯಾವ ಕಾಲದ ಪಶುಪಾಲನೆಯಲ್ಲಿ ಬಂದರೂ, ಆ ದಿನಗಳಲ್ಲಿ ಅದರ ಮುಂದೆ ಒಬ್ಬ ಮನುಷ್ಯನು ನಿಲ್ಲುತ್ತಿದ್ದನು. ಮೇವು ತಿಂದಿತೆ, ಲೋಳೆ ಬಂದಿತೆ ಎಂದು ಅವನ ಕಣ್ಣಿಗೆ ಬೀಳುತ್ತಿತ್ತು. ಈಗ ಮಂತ್ರವನ್ನು ಬಿಟ್ಟೆವು, ಜೊತೆಗೆ ನಿಲ್ಲುವುದನ್ನೂ ಬಿಟ್ಟೆವು.

ಗೊಡ್ಡೆಂದು ಹೆಸರಾದ ಆಕಳ ಗತಿ ಎಲ್ಲರಿಗೂ ತಿಳಿದುದೇ. ಸಂತೆಗೆ ಹೋಗುತ್ತದೆ, ಇಲ್ಲವೆ ಬೀದಿಗೆ, ಭಾಗ್ಯವಿದ್ದರೆ ಗೋಶಾಲೆಗೆ. ಕರ್ನಾಟಕದ 1964ರ ಕಾನೂನಾಗಲಿ 2020ರ ಕಾನೂನಾಗಲಿ ಕತ್ತಿಯನ್ನು ತಡೆಯಲು ಹುಟ್ಟಿದವು, ಗೋದಲಿ ತುಂಬಲು ಅಲ್ಲ. ಜೈನಸಮಾಜ ಗೋಶಾಲೆಗಳಿಗೆ ಉದಾರವಾಗಿ ಕೊಡುತ್ತಿದೆ, ಅದು ಶ್ಲಾಘ್ಯ. ಅದೇ ದ್ರವ್ಯದ ಒಂದಂಶ ಈಯುವ ಮುನ್ನಿನ ಎರಡು ತಿಂಗಳ ಹಿಂಡಿಯಾಗಿ, ಖನಿಜಮಿಶ್ರಣವಾಗಿ ಬಡ ಒಕ್ಕಲಿಗನ ಕೊಟ್ಟಿಗೆಗೆ ಹೋದರೆ ಗೋಶಾಲೆಗೆ ಬರುವ ಆಕಳುಗಳೇ ಕಡಿಮೆಯಾದಾವು. ಈ ಮಾತು ದಾನಿಗಳಿಗೆ ಒಡನೆ ರುಚಿಸದು. ಗೋಶಾಲೆಗೆ ಹೆಸರಿನ ಫಲಕ ಹಾಕಬಹುದು, ಹಿಂಡಿಗೆ ಹಾಕಲಾಗದು.

ಭಂಡಾರಗಳ ಪಾಲಕರಲ್ಲಿ ವಿನಂತಿ. ದೊಡ್ಡ ಗ್ರಂಥಗಳ ಕಟ್ಟಿನ ಕೊನೆಯಲ್ಲಿ ಲಿಪಿಕಾರನು ಉಳಿದ ಗರಿಗಳಲ್ಲಿ ಬರೆದಿಟ್ಟ ಪಶುವೈದ್ಯದ ಚೂರುಗಳನ್ನು ಸೂಚೀಪತ್ರದಲ್ಲಿ ಇತರೆ ಎಂದು ಸೇರಿಸದೆ ಪ್ರತ್ಯೇಕವಾಗಿ ನಮೂದಿಸಬೇಕು, ಓದುವಾಗ ಪಶುವೈದ್ಯನೊಬ್ಬನನ್ನು ಬಳಿಗೆ ಕೂರಿಸಿಕೊಳ್ಳಬೇಕು. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೂ ಕಲಬುರಗಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇರುವಾಗ ಇದು ಕಷ್ಟದ ಕೆಲಸವಲ್ಲ. ಮನೆಯಲ್ಲಿ ಆಕಳಿರುವ ಓದುಗರು ಪಂಚಾಂಗದ ಅಂಚಿನಲ್ಲಿ ನಾಲ್ಕು ತಿಥಿಗಳನ್ನು ಬರೆದಿಡಲಿ: ಈದ ತಿಥಿ, ಕಸ ಬಿದ್ದ ಹೊತ್ತು, ಮೊದಲ ಬೆದೆ, ಬೀಜ ಕೊಟ್ಟ ತಿಥಿ. ಬೀಜ ಕೊಟ್ಟ ನಾಲ್ಕು ಪಕ್ಷಗಳ ಮೇಲೆ ಗರ್ಭಪರೀಕ್ಷೆ ಮಾಡಿಸಿ ಅದೇ ಅಂಚಿನಲ್ಲಿ ಐದನೆಯದಾಗಿ ಫಲವನ್ನು ಬರೆಯತಕ್ಕದ್ದು. ಗರ್ಭ ನಿಂತಿದ್ದರೆ ಅಲ್ಲಿಯೇ ಮುಂದೆ ಎಣಿಸಿ, ಏಳು ತಿಂಗಳು ತುಂಬುವ ತಿಥಿಯ ಎದುರಿಗೆ ಹಿಂಡಿ ಎಂದು ಗುರುತು ಹಾಕಿಡಬೇಕು.